ಮರೆವು ಮತ್ತು ಲಿಂಗಪೂಜೆ

ಮನೆಯ ಹಿರಿಯರು ಹೇಳಿದ್ದನ್ನೇ ಹೇಳತೊಡಗಿದರೆ ‘ಅರಳು ಮರಳು’ ಎಂದು ನಕ್ಕು ಸುಮ್ಮನಾಗುವುದು ನಮ್ಮಲ್ಲಿಯ ರೂಢಿ. ನಾವೂ ಹಾಗೆಯೇ ಇದ್ದೆವು. ಎರಡು ವರ್ಷಗಳ ಹಿಂದೊಂದು ದಿನ ನಮ್ಮ ತಾಯಿಯವರು ಪೂಜೆಗೆಂದು ಕರಡಿಗೆಯಿಂದ ತೆಗೆದ ಇಷ್ಟಲಿಂಗವನ್ನು ಎಲ್ಲಿರಿಸಿದೆನೆಂಬುದನ್ನೇ ಮರೆತರು. ಮನೆಮಂದಿಯೆಲ್ಲ ಹುಡುಕಿ, ಸಂಜೆಗೆ ಅದು ಜೋಳದ ಹಿಟ್ಟಿನ ಡಬ್ಬಿಯಲ್ಲಿ ದೊರೆಯಿತು. ಅದುವರೆಗೆ ಅವರು ಹನಿ ನೀರನ್ನೂ ಮುಟ್ಟಲಿಲ್ಲ. ಅಂದಿಗೆ ನಮ್ಮ ನಗು ನಿಂತಿತು.

ವೈದ್ಯರು ಮೊದಲು ಥೈರಾಯ್ಡ್ ಹಾಗೂ ಬಿ-12 ಜೀವಸತ್ವದ ಪರೀಕ್ಷೆ ಮಾಡಿಸಿದರು. ಆ ದೋಷಗಳಿಂದ ಬಂದ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದು. ಆದುದರಿಂದ ಬಂಧುಗಳು ಈ ಪರೀಕ್ಷೆಗಳಿಗೆ ತಡಮಾಡಬಾರದು. ತಾಯಿಯವರದು ಅದಲ್ಲ, 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ಅವರು ವಿವರಿಸಿದ, ಅವರ ಹೆಸರನ್ನೇ ಹೊತ್ತ ಬೇನೆಯ ಆರಂಭದ ಹಂತ. ಪೂರ್ಣ ಗುಣವಾಗದು. ಡೊನೆಪೆಜಿಲ್ ಮಾತ್ರೆ ಕೆಲಕಾಲ ತುಸು ನೆರವಾಗಬಹುದು, ಅಷ್ಟೆ.

ಇದರಲ್ಲಿ ಹೊಸ ನೆನಪು ಮೊದಲು ಅಳಿಯುತ್ತದೆ; ಕೈಗೆ ರೂಢಿಯಾದುದು ಬಹುಕಾಲ ಉಳಿಯುತ್ತದೆ. ಮುಂಜಾನೆ ಉಂಡದ್ದನ್ನು ಮರೆಯುವ ತಾಯಿಯವರು ಮೂರು ಬೆರಳಿನ ವಿಭೂತಿಯನ್ನು ಇಂದಿಗೂ ತಪ್ಪುವುದಿಲ್ಲ. ಅಂಗೈಯ ಲಿಂಗದಲ್ಲಿ ದೃಷ್ಟಿ ನೆಟ್ಟರೆ ಅವರ ಚಡಪಡಿಕೆ ಇಳಿಯುತ್ತದೆ. ಪೂಜೆ ಮುಗಿದ ಅರ್ಧ ಗಂಟೆಗೇ ‘ಇನ್ನೂ ಪೂಜೆಯಾಗಿಲ್ಲ’ ಎನ್ನುವುದುಂಟು. ಮೊದಮೊದಲು ನಾವು ವಾದಿಸಿ ಅವರನ್ನು ಅಳಿಸಿದೆವು, ತಪ್ಪು ನಮ್ಮದೇ. ಈಗ ಮತ್ತೊಮ್ಮೆ ಅಗ್ಘವಣಿ ತಂದಿಡುತ್ತೇವೆ. ಮೊಮ್ಮಗಳು ಬಳಿ ಕುಳಿತು, ಲಿಂಗವು ಕರಡಿಗೆ ಸೇರಿ ಶಿವದಾರ ಕೊರಳಿಗೆ ಬಿದ್ದ ಮೇಲೆಯೇ ಏಳುತ್ತಾಳೆ.

‘ಪೂರ್ತಿ ಮರೆತ ದಿನ ಏನು ಮಾಡಲಿ?’ ಎಂದು ಒಮ್ಮೆ ತಾಯಿಯವರೇ ಕೇಳಿದರು. ‘ಅವ್ವಾ, ಅಂದು ನಿನ್ನ ಹಣೆಗೆ ವಿಭೂತಿ ನಾವು ಹಚ್ಚುತ್ತೇವೆ’ ಎಂದೆವು. ಅವರು ನಕ್ಕು, ನಮ್ಮ ಊಟವಾಯಿತೇ ಎಂದು ಮೂರನೆಯ ಸಲ ವಿಚಾರಿಸಿದರು.