ಬಾಣಕ್ಕೆ ಬಾಣವೇ ವೈರಿ

ಬಾವಿಗೆ ಬಿದ್ದ ಚೆಂಡನ್ನು ದ್ರೋಣಾಚಾರ್ಯರು ಮೇಲೆತ್ತಿಕೊಟ್ಟ ಕಥೆಯನ್ನು ಕೇಳದ ಮಗು ಕನ್ನಡನಾಡಿನಲ್ಲಿ ಇರಲಾರದು. ಒಂದು ಹುಲ್ಲುಕಡ್ಡಿಯನ್ನು ಮಂತ್ರಿಸಿ ಎಸೆದರು. ಅದು ಹೋಗಿ ಚೆಂಡಿಗೆ ನೆಟ್ಟಿತು. ಎರಡನೆಯದು ಮೊದಲನೆಯದರ ಬುಡಕ್ಕೆ ನೆಟ್ಟಿತು, ಮೂರನೆಯದು ಎರಡನೆಯದರ ಬುಡಕ್ಕೆ. ಹೀಗೆ ಕಡ್ಡಿಗಳದೇ ಒಂದು ಸರಪಣಿಯಾಗಿ ಚೆಂಡು ಮೇಲೆ ಬಂದಿತು. ಕೌರವ ಪಾಂಡವ ಕುಮಾರರು ಬೆರಗಾದರು. ಕಥೆ ಕೇಳುವ ನಮ್ಮ ಮಕ್ಕಳೂ ಬೆರಗಾಗುತ್ತಾರೆ. ಆದರೆ ಆ ಕಡ್ಡಿಗಳು ಮರುದಿನ ಉಪಯೋಗಕ್ಕೆ ಬಂದವೇ ಎಂದು ಕೇಳಿದ ಮಗುವನ್ನು ನಾನಂತೂ ಕಂಡಿಲ್ಲ. ಹುಲ್ಲು ಹೊಲದ ಬದುವಿನಲ್ಲಿ ಬೆಳೆಯುವ ವಸ್ತು. ಕೆಟ್ಟರೆ ಇನ್ನೊಂದು ಹಿಡಿ ಕಿತ್ತುಕೊಂಡರಾಯಿತು. ಕಾಸು ಕೊಟ್ಟು ತಂದ ಬಾಣದ ಬೆನ್ನಿಗೆ ಇನ್ನೊಂದು ಬಾಣ ನೆಟ್ಟಾಗ ಒಡೆಯನ ಮುಖದಲ್ಲಿ ಮೂಡುವ ಭಾವವೇ ಬೇರೆ.

ಈ ಭಾವವನ್ನು ಈಗ ಬೆಂಗಳೂರಿನ ಹೊರವಲಯದಲ್ಲಿಯೇ ನೋಡಬಹುದು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಆಸುಪಾಸಿನಲ್ಲಿ ವಾರವಿಡೀ ಗಣಕಯಂತ್ರದೆದುರು ಕುಳಿತು ಬೆನ್ನು ಬಗ್ಗಿದವರು ವಾರದ ಕೊನೆಗೆ ಬಿಲ್ಲು ಹಿಡಿದು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಮಕ್ಕಳನ್ನೂ ಜೊತೆಗೆ ಕರೆತರುತ್ತಾರೆ. ಕಲಿಕೆಯ ಮೊದಲ ತಿಂಗಳುಗಳಲ್ಲಿ ಬಾಣಗಳಿಗೆ ಯಾವ ಅಪಾಯವೂ ಇಲ್ಲ. ಒಂದು ಗುರಿಹಲಗೆಯ ಮೇಲಂಚಿಗೆ, ಒಂದು ಕೆಳಗಂಚಿಗೆ, ಇನ್ನೊಂದು ಹಿಂದಿನ ಪರದೆಗೆ. ಅವು ಪರಸ್ಪರ ಭೇಟಿಯಾಗುವ ಪ್ರಸಂಗವೇ ಬರುವುದಿಲ್ಲ. ಕೈ ಪಳಗಿ, ಮೂರು ಬಾಣಗಳೂ ಅಂಗೈಯಗಲದಲ್ಲಿ ನೆಡತೊಡಗಿದವೋ, ಅಂದಿನಿಂದ ನಷ್ಟದ ಲೆಕ್ಕ ಆರಂಭ. ಬಡವನಿಗೆ ಕಳ್ಳರ ಭಯವಿಲ್ಲ ಎನ್ನುತ್ತಾರಲ್ಲ, ಹಾಗೆ.

ರಣರಂಗದ ಬಿಲ್ಲಾಳಿಗೆ ಈ ಚಿಂತೆ ಇರಲಿಲ್ಲ. ಎಲೆಕ್ಟ್ರಾನಿಕ್ ಸಿಟಿ ಎದ್ದು ನಿಂತಿರುವ ದೊಡ್ಡತೋಗೂರು, ಕೋನಪ್ಪನ ಅಗ್ರಹಾರಗಳಿಗೆ ಅನತಿದೂರದಲ್ಲಿಯೇ ಬೇಗೂರಿದೆ. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು 890ನೆಯ ಇಸವಿಯ ವೀರಗಲ್ಲಿನಲ್ಲಿ ‘ಬೆಂಗಳೂರ ಕಾಳಗ’ದ ಮಾತು ಬರುತ್ತದೆ. ನಮ್ಮ ಮಹಾನಗರದ ಹೆಸರನ್ನು ಹೊತ್ತ ಅತಿ ಹಳೆಯ ಬರಹಗಳಲ್ಲಿ ಅದೂ ಒಂದು. ಗಂಗರ ಆ ಕಾಲದಲ್ಲಿ ಈ ನೆಲದ ಮೇಲೆ ಹಾರಿದ ಬಾಣಗಳನ್ನು ಎಣಿಸಿದವರಾರು? ಕಾಳಗದಲ್ಲಿ ಬಿಟ್ಟ ಬಾಣ ಬಿಟ್ಟಂತೆಯೇ. ಗುರಿ ಓಡುತ್ತದೆ, ಬಿಲ್ಲಾಳೂ ಓಡುತ್ತಾನೆ. ಎರಡು ಬಾಣಗಳು ಒಂದೇ ತೂತನ್ನು ಹುಡುಕಿಕೊಂಡು ಬರುವ ಅವಕಾಶವೆಲ್ಲಿ? ಆಕಾಶದಲ್ಲಿ ಬಾಣಕ್ಕೆ ಬಾಣ ತಾಗಿ ಕಿಡಿಯುದುರುವುದು ನಮ್ಮ ಕವಿಗಳಿಗೂ ಯಕ್ಷಗಾನದ ಅರ್ಥಧಾರಿಗಳಿಗೂ ಪ್ರಿಯವಾದ ವಿಷಯ, ನಿಜ. ಆದರೆ ಬಾಣ ಬಾಣವನ್ನು ಕೆಡಿಸುವುದು ಶಾಂತಿಕಾಲದ ಕಾಯಿಲೆ. ಗುರಿ ನಿಂತಲ್ಲೇ ನಿಂತು, ಬಿಟ್ಟವನೂ ನಿಂತಲ್ಲೇ ನಿಂತು, ಹೋದ ಬಾಣ ತಿರುಗಿ ಬತ್ತಳಿಕೆಗೆ ಬರಲಿ ಎಂದು ಬಯಸುವ ಅಭ್ಯಾಸದ ಅಂಗಳದಲ್ಲಿ ಅದು ಹುಟ್ಟುತ್ತದೆ.

ಇಂಗ್ಲಿಷರು ಇದಕ್ಕೆ ಕೀರ್ತಿಯ ಕಿರೀಟವನ್ನೇ ತೊಡಿಸಿಬಿಟ್ಟರು. ವಾಲ್ಟರ್ ಸ್ಕಾಟನ ‘ಐವನ್‌ಹೋ’ ಕಾದಂಬರಿಯಲ್ಲಿ ಲಾಕ್ಸ್ಲಿ ಎಂಬ ಹೆಸರಿನಲ್ಲಿ ಬರುವ ರಾಬಿನ್‌ಹುಡ್ ಎದುರಾಳಿಯ ಬಾಣವನ್ನು ಸೀಳುತ್ತಾನೆ. 1938ರ ಹಾಲಿವುಡ್ ಚಿತ್ರದಲ್ಲಿ ಎರಾಲ್ ಫ್ಲಿನ್ ಸೀಳಿದ್ದನ್ನು ಲೋಕವೆಲ್ಲ ನೋಡಿತು. ಇಂದಿಗೂ ಒಂದು ಬಾಣ ಇನ್ನೊಂದರ ಬುಡವನ್ನು ಹೊಕ್ಕರೆ ಬಿಲ್ಲುಗಾರರು ‘ರಾಬಿನ್‌ಹುಡ್ ಆಯಿತು’ ಎನ್ನುತ್ತಾರೆ. ಮರದ ಬಾಣ ಚಿತ್ರದಲ್ಲಿ ಕಂಡಂತೆ ತುದಿಯಿಂದ ಬುಡದವರೆಗೆ ಎರಡು ಹೋಳಾಗುವುದು ಬಲು ಅಪರೂಪ. ಮರದ ಎಳೆ ಎತ್ತ ಓರೆಯಾಗಿದೆಯೋ ಅತ್ತ ಸೀಳು ಜಾರಿಕೊಂಡು ಪಕ್ಕಕ್ಕೆ ಹೊರಟುಹೋಗುತ್ತದೆ.

ಜಪಾನೀಯರ ದೃಷ್ಟಿ ನನಗೆ ಹೆಚ್ಚು ಮೆಚ್ಚಿಗೆಯಾಯಿತು. ಜರ್ಮನಿಯ ತತ್ತ್ವಶಾಸ್ತ್ರಜ್ಞ ಹೆರಿಗೆಲ್ 1924ರಿಂದ 1929ರವರೆಗೆ ಸೆಂಡೈ ನಗರದಲ್ಲಿ ಅಧ್ಯಾಪಕನಾಗಿದ್ದಾಗ ಅವಾ ಕೆನ್‌ಜೊ ಎಂಬ ಗುರುವಿನ ಬಳಿ ಧನುರ್ವಿದ್ಯೆ ಕಲಿತನು. ಒಂದು ರಾತ್ರಿ ಗುರು ಕತ್ತಲಲ್ಲಿ ಮುಳುಗಿದ್ದ ಗುರಿಗೆ ಎರಡು ಬಾಣ ಬಿಟ್ಟನು. ದೀಪ ಹಚ್ಚಿ ನೋಡಿದರೆ ಮೊದಲನೆಯದು ನಟ್ಟನಡುವೆ, ಎರಡನೆಯದು ಮೊದಲನೆಯದರ ಬುಡವನ್ನು ಸೀಳಿಕೊಂಡು ಅದರ ಪಕ್ಕದಲ್ಲಿ! ಹೆರಿಗೆಲ್ 1948ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಪ್ರಸಂಗ ಜಗತ್ಪ್ರಸಿದ್ಧವಾಯಿತು. ಆದರೆ ಯಮದಾ ಶೋಜಿ ಎಂಬ ವಿದ್ವಾಂಸರು 2001ರಲ್ಲಿ ಇದನ್ನು ಕೆದಕಿ ಬರೆದ ಪ್ರಬಂಧದಲ್ಲಿ ಬೇರೆಯ ಸಂಗತಿ ಹೊರಬಿದ್ದಿತು. ಅದು ಕೇವಲ ಕಾಕತಾಳೀಯವೆಂದು ಅವಾ ತಮ್ಮ ಇನ್ನೊಬ್ಬ ಶಿಷ್ಯನ ಬಳಿ ಹೇಳಿದ್ದರಂತೆ. ಅಲ್ಲದೆ ತನ್ನ ಬಾಣವನ್ನು ತಾನೇ ಹೊಡೆದು ಕೆಡಿಸಿಕೊಳ್ಳುವುದು ಜಪಾನೀ ಬಿಲ್ಲುಗಾರರಲ್ಲಿ ಹೆಮ್ಮೆಯ ವಿಷಯವಲ್ಲ, ನಾಚಿಕೆಯ ವಿಷಯ. ನಮ್ಮ ಗೃಹಿಣಿಯರು ಈ ಮಾತನ್ನು ಕೂಡಲೇ ಒಪ್ಪುವರು. ಎಷ್ಟೇ ಕೈಚಳಕವಿದ್ದರೇನು, ಪಾತ್ರೆಗೆ ಪಾತ್ರೆ ತಾಗಿಸಿ ಒಡೆದವಳನ್ನು ಯಾವ ಅತ್ತೆಯೂ ಹೊಗಳುವುದಿಲ್ಲ.

ಹಣದ ನಷ್ಟವೊಂದೇ ಆಗಿದ್ದರೆ ಈ ಅಂಕಣದಲ್ಲಿ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಪೂರ್ತಿ ಮುರಿದ ಬಾಣದಿಂದ ಯಾರಿಗೂ ಕೇಡಿಲ್ಲ. ಅದನ್ನು ಯಾರೂ ಮತ್ತೆ ಹೂಡುವುದಿಲ್ಲ. ಭಯವಿರುವುದು ಮುರಿಯದೆ ಉಳಿದ ಬಾಣದಿಂದ. ಬಂದ ಬಾಣದ ಮೊನೆ ನಿಂತ ಬಾಣದ ಮೈಯನ್ನು ಸವರಿಕೊಂಡು ಹೋಗುತ್ತದೆ. ‘ಟಕ್’ ಎಂಬ ಒಂದು ಸದ್ದು, ಬಣ್ಣದ ಮೇಲೆ ಒಂದು ಗೀರು. ಹುಡುಗ ಬೆರಳಿನಿಂದ ಒರೆಸಿ ಬತ್ತಳಿಕೆಗೆ ಸೇರಿಸುತ್ತಾನೆ. ಒಳಗೆ ಕೂದಲೆಳೆಯಷ್ಟು ಬಿರುಕು ಕಾದು ಕುಳಿತಿರುತ್ತದೆ.

ಹೆದೆಯನ್ನು ಬಿಟ್ಟ ಕ್ಷಣದಲ್ಲಿ ಬಾಣ ನೆಟ್ಟಗೆ ಹೊರಡುತ್ತದೆಂದು ನಾವೆಲ್ಲ ಭಾವಿಸಿದ್ದೇವೆ. ಅತಿವೇಗದ ಛಾಯಾಚಿತ್ರಗಳು ಬೇರೆಯದನ್ನೇ ತೋರಿಸಿವೆ. ಹೆದೆ ಹಿಂದಿನಿಂದ ತಳ್ಳುವ ರಭಸಕ್ಕೆ ಬಾಣವು ಹಾವಿನಂತೆ ಬಳುಕಿ, ಬಿಲ್ಲಿನ ಹೊಟ್ಟೆಯನ್ನು ಬಳಸಿಕೊಂಡು ಮುಂದೆ ಸಾಗುತ್ತದೆ. 18 ಕಿಲೋಗ್ರಾಂ ಸೆಳೆತದ ಬಿಲ್ಲಿನಿಂದ ಹೊರಟ ಮರದ ಬಾಣ ಸೆಕೆಂಡಿಗೆ ಸುಮಾರು 45 ಮೀಟರ್ ವೇಗವನ್ನು ಪಡೆಯುವುದು ಕಣ್ಣು ಮಿಟುಕಿಸುವುದರೊಳಗೆ. ಬಿರುಕುಬಿಟ್ಟ ಕಡ್ಡಿ ಈ ಬಳುಕನ್ನು ತಾಳಲಾರದೆ ಅಲ್ಲಿಯೇ ಚೂರಾಗುತ್ತದೆ. ಆಗ ಅದರ ಪಕ್ಕದಲ್ಲಿರುವುದೇನು? ಬಿಲ್ಲು ಹಿಡಿದ ಎಡಗೈ. ಸಾಂಪ್ರದಾಯಿಕ ಬಿಲ್ಲುಗಳಲ್ಲಿ ಬಾಣ ಒರಗುವುದು ಎಷ್ಟೋ ವೇಳೆ ಆ ಕೈಯ ಗೆಣ್ಣಿನ ಮೇಲೆಯೇ. ಮರದ ಸಿಬಿರಾಗಲಿ, ಈಚಿನ ಕಾರ್ಬನ್ ಬಾಣದ ಸೂಜಿಯಂಥ ಎಳೆಗಳಾಗಲಿ ಅಂಗೈಯನ್ನು ತೂರಿ ಹೋಗಬಲ್ಲವು. ಬಾಣದ ಬುಡದ ಕಚ್ಚು ಸೀಳಿದ್ದರೆ ಇನ್ನೊಂದು ತೆರನ ಅನಾಹುತ: ಹೆದೆಯಿಂದ ಬಾಣ ಜಾರಿ, ಹೊರೆ ಹೊರದ ಹೆದೆಯ ಶಕ್ತಿಯೆಲ್ಲ ಬಿಲ್ಲಿನ ಮೇಲೆಯೇ ತಿರುಗಿ ಬಿಲ್ಲೇ ಮುರಿಯಬಹುದು.

ಪೀಣ್ಯದ ಯಂತ್ರಾಗಾರಗಳಲ್ಲಿ ದುಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಣ್ಣಿಗೆ ಕಾಣದ ಬಿರುಕನ್ನು ಹುಡುಕಲು ಲೋಹದ ಬಿಡಿಭಾಗಕ್ಕೆ ಬಣ್ಣದ ದ್ರವ ಬಳಿದು, ಒರೆಸಿ, ಬಿರುಕಿನೊಳಗೆ ಉಳಿದ ಬಣ್ಣ ಮೇಲೆ ಉಕ್ಕಿ ಬರುವುದನ್ನು ಕಾಯುವ ಪದ್ಧತಿ ಅವರಿಗೆ ಗೊತ್ತು. ಬಿಲ್ಲುಗಾರನಿಗೆ ಅಷ್ಟು ಸಾಮಗ್ರಿ ಬೇಡ. ಕಣ್ಣು, ಕಿವಿ, ಬೆರಳು ಸಾಕು. ಬಾಣದ ಎರಡು ತುದಿಗಳನ್ನು ಹಿಡಿದು, ಮುಖದಿಂದ ದೂರವಿಟ್ಟು, ಮೆಲ್ಲಗೆ ಬಾಗಿಸಬೇಕು, ಸ್ವಲ್ಪ ತಿರುಗಿಸಿ ಮತ್ತೆ ಬಾಗಿಸಬೇಕು, ಸುತ್ತು ಪೂರ್ತಿಯಾಗುವವರೆಗೆ. ಚಿಟಿಚಿಟಿ ಸದ್ದು ಕೇಳಿತೋ, ಅದರ ಆಯುಸ್ಸು ತೀರಿತು. ಹತ್ತಿಯ ಉಂಡೆಯನ್ನು ಮೈಮೇಲೆ ಎಳೆದರೆ ಎದ್ದ ಸಿಬಿರಿಗೆ ಎಳೆ ಸಿಕ್ಕಿಕೊಳ್ಳುತ್ತದೆ. ಇಷ್ಟಕ್ಕೆ ಬಾಣವೊಂದಕ್ಕೆ ಅರ್ಧ ನಿಮಿಷ ಹಿಡಿಯಬಹುದು. ಗರಿ ಮುದುಡಿದ್ದರೆ ಮಾತ್ರ ಚಿಂತೆಯಿಲ್ಲ. ಕಾಫಿಗೆ ನೀರು ಕಾಯಿಸುವಾಗ ಏಳುವ ಹಬೆಗೆ ಹಿಡಿದರೆ ಅದು ತಾನಾಗಿ ಅರಳಿಕೊಳ್ಳುತ್ತದೆ.

ಸ್ಪರ್ಧೆಗಳನ್ನು ನಡೆಸುವವರೂ ಈ ತೊಂದರೆಯನ್ನು ಕಡೆಗಣಿಸಿಲ್ಲ. 18 ಮೀಟರಿನ ಒಳಾಂಗಣ ಪಂದ್ಯಗಳಲ್ಲಿ ಒಂದರ ಕೆಳಗೊಂದರಂತೆ ಮೂರು ಪುಟ್ಟ ಗುರಿಗಳನ್ನು ಅಚ್ಚುಮಾಡಿದ ಕಾಗದವಿರುತ್ತದೆ. ಮೂರು ಬಾಣಗಳಿಗೆ ಮೂರು ಮನೆ. ಅವಿಭಕ್ತ ಕುಟುಂಬದಲ್ಲಿ ಬೇರೆ ಬೇರೆ ಒಲೆ ಹೂಡಿಕೊಟ್ಟಂತೆ! ಅಷ್ಟಾದರೂ ಒಂದು ಬಾಣ ಇನ್ನೊಂದರ ಬುಡಕ್ಕೆ ನೆಟ್ಟು ನಿಂತರೆ, ಏಟು ತಿಂದ ಬಾಣಕ್ಕೆ ಎಷ್ಟು ಅಂಕವೋ ಬಂದ ಬಾಣಕ್ಕೂ ಅಷ್ಟೇ ಅಂಕವೆಂದು ನಿಯಮವಿದೆ. ಅಂಕ ದೊರೆಯಿತು, ಬಾಣ ಹೋಯಿತು. ಅದರ ಬೆಲೆಯನ್ನು ಯಾವ ನಿಯಮವೂ ಕಟ್ಟಿಕೊಡುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮನೆಯಲ್ಲಿ ಅಭ್ಯಾಸ ಮಾಡುವವರು ಇದೇ ಉಪಾಯವನ್ನು ಅನುಸರಿಸಿ, ಹಲಗೆಯ ಮೇಲೆ ಆರು ಚುಕ್ಕೆಗಳನ್ನಿಟ್ಟು ಚುಕ್ಕೆಗೊಂದೇ ಬಾಣ ಬಿಟ್ಟರೆ ಗುರಿಯೂ ಪಳಗುತ್ತದೆ, ಬತ್ತಳಿಕೆಯೂ ಉಳಿಯುತ್ತದೆ.

ಇನ್ನು ಏಟು ತಿಂದವುಗಳ ಗತಿ. ಮರದ ಬಾಣ ಮೊನೆಯ ಬಳಿ ಮುರಿದಿದ್ದರೆ ಕೆಟ್ಟ ಭಾಗವನ್ನು ಕತ್ತರಿಸಿ, ಗಟ್ಟಿಮರದ ತುಂಡನ್ನು ಬೆಸೆದು ಮತ್ತೆ ಬಳಸುವ ಹಳೆಯ ಕಸುಬು ಇದೆ. ಅದು ಬಲ್ಲವರ ಕೈಯಲ್ಲಿ ಆಗಬೇಕಾದ ಕೆಲಸ. ಬಿರುಕುಬಿಟ್ಟ ಕಾರ್ಬನ್ ಬಾಣಕ್ಕೆ ಅಂಟೂ ಇಲ್ಲ, ಔಷಧವೂ ಇಲ್ಲ. ಅದನ್ನು ಇಡಿಯಾಗಿ ಮೂಲೆಗೆ ಒರಗಿಸಿಡುವುದು ತರವಲ್ಲ. ಮುಂದಿನ ಭಾನುವಾರ ಅವಸರದಲ್ಲಿ ಹೊರಡುವ ಮಗ ಅದನ್ನೇ ಎತ್ತಿಕೊಂಡು ಹೋದಾನು. ಬಟ್ಟೆ ಸುತ್ತಿ, ಎರಡು ತುಂಡಾಗಿ ಮುರಿದು, ಕಾಗದದಲ್ಲಿ ಕಟ್ಟಿ ಕಸಕ್ಕೆ ಹಾಕಿರಿ.