ಕಿಟಕಿ ಇವೆ, ತೆರೆಯುವವರಿಲ್ಲ
ಹಲಸಂಗಿ, ಇಂಡಿ, ಸಿಂದಗಿ ಸೀಮೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಿಗೆ ಕಿಟಕಿ ಕಡಿಮೆ. ಆದರೆ ಒಳಗಿನ ಬಿಸಿಗಾಳಿ ಮೇಲೇರಿ ಹೋಗಲು ನೆತ್ತಿಯಲ್ಲೊಂದು ಬೆಳಕಿಂಡಿ ಇರುತ್ತಿತ್ತು. ಈಗಿನ ಆರ್‌ಸಿಸಿ ಶಾಲೆ, ಹಾಸ್ಟೆಲ್, ಕಲ್ಯಾಣ ಮಂಟಪಗಳಲ್ಲಿ ಕಿಟಕಿಗೇನೂ ಬರವಿಲ್ಲ, ತೆರೆಯುವವರದ್ದೇ ಬರ. ಕ್ಷಯ, ದಡಾರ, ಕೋವಿಡ್ ಹರಡುವುದು ಗಾಳಿಯಲ್ಲಿ. ನಾವು ಮಾತ್ರ ಕೋವಿಡ್ ಕಾಲದಲ್ಲಿ ನೆಲ, ಗೋಡೆ, ರಸ್ತೆಗೆಲ್ಲ ಔಷಧ ಸಿಂಪಡಿಸಿ ಕೈತೊಳೆದುಕೊಂಡೆವು. ಒಬ್ಬೊಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊರಗಾಳಿ ಸಿಗಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಅಷ್ಟಕ್ಕೆ ದುಬಾರಿ ಯಂತ್ರ ಬೇಕೆಂಬ ವಾದ ನಿಲ್ಲುವುದಿಲ್ಲ. ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳನ್ನು ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿಟಕಿ ಬಾಗಿಲು ತೆರೆದಿಟ್ಟ ಕೋಣೆಗಳ ಗಾಳಿ ಗಂಟೆಗೆ ಸುಮಾರು 28 ಬಾರಿ ಬದಲಾಗುತ್ತಿತ್ತು. ಯಂತ್ರ ಕೂಡಿಸಿದ ಕೋಣೆಗಳ ಲೆಕ್ಕ 12. ಎತ್ತರದ ಮಾಳಿಗೆ, ದೊಡ್ಡ ಕಿಟಕಿಯ ಹಳೆಯ ಕಟ್ಟಡಗಳು ಹೊಸವನ್ನು ಹಿಂದೆ ಹಾಕಿದ್ದವು. ನಮ್ಮ ಬೇಸಿಗೆಯ ಝಳ, ಧೂಳಿಗೆ ಏನು ಮಾಡೋಣ ಎನ್ನುವುದು ನ್ಯಾಯವಾದ ಪ್ರಶ್ನೆಯೇ. ಬೆಳಿಗ್ಗೆ, ಸಂಜೆ ಪೂರ್ತಿ ತೆರೆದು, ನಡುಹಗಲು ಮೇಲಿನ ವೆಂಟಿಲೇಟರುಗಳನ್ನಾದರೂ ಬಿಡಬಹುದು. ಅವಕ್ಕೆ ರಟ್ಟು ಬಡಿಯುವ ಚಾಳಿಯೊಂದು ನಿಲ್ಲಬೇಕು. ಸೊಳ್ಳೆಯ ನೆಪಕ್ಕೆ ಜಾಲರಿ ಇದೆ. ಅಷ್ಟಕ್ಕೂ ಡೆಂಗಿ ಸೊಳ್ಳೆ ಹುಟ್ಟುವುದು ಅದೇ ಕಟ್ಟಡದ ಮುಚ್ಚಳವಿಲ್ಲದ ಟಾಕಿಯಲ್ಲಿ. ಮೊಟ್ಟೆ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಬೇಕು, ಆದ್ದರಿಂದ ವಾರಕ್ಕೊಮ್ಮೆ ನೀರು ಖಾಲಿ ಮಾಡಿ ತಿಕ್ಕಿ ತೊಳೆದರೆ ಸಾಕು. ಇದಕ್ಕೆ ಅನುದಾನ ಕಾಯಬೇಕಿಲ್ಲ. ಕಿಟಕಿ ಯಾರದು, ಟಾಕಿ ಯಾರದು ಎಂದು ಶಾಲೆಯ ಎಸ್‌ಡಿಎಂಸಿ, ಹಾಸ್ಟೆಲ್ಲಿನ ವಾರ್ಡನ್ ಹೆಸರು ಬರೆದು ಗೋಡೆಗೆ ಅಂಟಿಸಲಿ.