ಪ್ರಸಂಗ ಒಂದೇ, ಮೇಳ ಬೇರೆ

ಕುಂದಾಪುರ ತಾಲ್ಲೂಕಿನ ಗುಲ್ವಾಡಿಗೆ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಒಂದು ಕಾಯಂ ಜಾಗವಿದೆ. ಊರಿನ ಹೆಸರನ್ನೇ ತಮ್ಮ ಹೆಸರಿನ ಮುಂದಿಟ್ಟುಕೊಂಡ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂಬ ಮನ್ನಣೆ ಅದಕ್ಕೆ ಸಂದಿದೆ. 1906ರಲ್ಲಿ ಗುಲ್ವಾಡಿ ಅಣ್ಣಾಜಿರಾಯರ ‘ರೋಹಿಣಿ’ ಬಂತು. ನಮ್ಮ ಕಾಲಕ್ಕೆ ಬಂದರೆ, ‘ತರಂಗ’ದ ಸಂಪಾದಕರಾಗಿ ಸಂತೋಷಕುಮಾರ ಗುಲ್ವಾಡಿಯವರ ಹೆಸರು ಮನೆಮಾತಾಗಿತ್ತು. ಇಷ್ಟಿದ್ದೂ ನಮ್ಮ ಹೈಸ್ಕೂಲು ಮಕ್ಕಳಲ್ಲಿ ಹೆಚ್ಚಿನವರಿಗೆ ‘ಇಂದಿರಾಬಾಯಿ’ ಎಂದರೆ ಒಂದಂಕದ ಪ್ರಶ್ನೆಗೆ ಉತ್ತರ, ಅಷ್ಟೆ. ಅಂಕ ಸಿಕ್ಕಿತು, ಪುಸ್ತಕದ ಋಣ ತೀರಿತು.

ಈ ಸಂಚಿಕೆಯನ್ನು ಶಾಲೆ, ಪುಸ್ತಕ ಮತ್ತು ಸಿನಿಮಾಕ್ಕೆ ಮೀಸಲಿಡುವಾಗ ನಮ್ಮ ಮುಂದಿದ್ದದ್ದು ಮೇಷ್ಟ್ರುಗಳ ಹಳೆಯ ದೂರು: ಮಕ್ಕಳು ಓದುವುದಿಲ್ಲ, ಮೊಬೈಲು ಬಿಡುವುದಿಲ್ಲ. ಹಾಗಾದರೆ ಸಿನಿಮಾ ತೋರಿಸಿ ಓದಿನತ್ತ ಎಳೆಯೋಣ ಎನ್ನುವವರಿದ್ದಾರೆ. ಆಸೆ ಒಳ್ಳೆಯದೇ. ಆದರೆ ಶಾಲೆಗಳಲ್ಲಿ ಸಿನಿಮಾಕ್ಕೆ ಸಾಮಾನ್ಯವಾಗಿ ಸಿಗುವುದು ಎರಡೇ ಪಾತ್ರ. ಒಂದು, ಪರೀಕ್ಷೆ ಮುಗಿದ ಮೇಲೆ ಕೊಡುವ ಮಿಠಾಯಿ. ಇನ್ನೊಂದು, ಓದದೆಯೇ ಕತೆ ತಿಳಿಯುವ ಅಡ್ಡದಾರಿ. ಎರಡರಲ್ಲೂ ಪುಸ್ತಕ ಸೋಲುತ್ತದೆ, ಸಿನಿಮಾವೂ ಗೆಲ್ಲುವುದಿಲ್ಲ. ಎರಡನ್ನೂ ಒಂದೇ ಬೆಂಚಿನ ಮೇಲೆ ಅಕ್ಕಪಕ್ಕ ಕೂರಿಸಿ, ಎಲ್ಲಿ ಬೇರೆಯಾಗಿವೆ ಎಂದು ಮಕ್ಕಳನ್ನೇ ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ.

ಈ ಕೆಲಸಕ್ಕೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಮಕ್ಕಳಿಗೆ ಹೊಸದಾಗಿ ತರಬೇತಿ ಕೊಡಬೇಕಾಗಿಲ್ಲ, ಯಕ್ಷಗಾನ ಅದನ್ನು ಆಗಲೇ ಕೊಟ್ಟಿದೆ. ಸೌಕೂರು ದುರ್ಗಾಪರಮೇಶ್ವರಿ ದೇವಸ್ಥಾನ ಇರುವುದು ಗುಲ್ವಾಡಿಯಲ್ಲೇ. ದೇವಿಯ ಹೆಸರಿನ ಮೇಳವೂ ಇದೆ. ಪ್ರಸಂಗ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಅರ್ಥ ಹೇಳುವುದು ವೇಷಧಾರಿಯ ಬಲ. ಅದೇ ಪ್ರಸಂಗ, ಅದೇ ಪದ್ಯ, ಆದರೆ ಮೇಳ ಬದಲಾದರೆ ಕೌರವನೇ ಬೇರೆ. ಆಟ ನೋಡಿ ಬಂದ ಮಾಣಿ ಮರುದಿನ ಶಾಲೆಯ ಜಗಲಿಯಲ್ಲಿ ‘ಹೋದ ಸಲದ್ದೇ ಲಾಯ್ಕ್ ಇದ್ದಿತ್’ ಎಂದು ವಾದಕ್ಕೆ ನಿಂತರೆ, ಅವನು ಮಾಡುತ್ತಿರುವುದು ವಿಮರ್ಶೆಯೇ. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟಿನ ಮೂಲಕ ಹೈಸ್ಕೂಲು ಮಕ್ಕಳು ತಾವೇ ಗೆಜ್ಜೆ ಕಟ್ಟಿ ರಂಗಕ್ಕೆ ಬರುತ್ತಿದ್ದಾರೆ. ಪಠ್ಯಕ್ಕೂ ಪ್ರದರ್ಶನಕ್ಕೂ ನಡುವೆ ಒಬ್ಬ ಕಲಾವಿದನ ತೀರ್ಮಾನ ಇರುತ್ತದೆಂಬುದು ಅವರಿಗೆ ಮೈಯಲ್ಲೇ ಗೊತ್ತು. ಅದನ್ನು ಕನ್ನಡ ಪೀರಿಯಡ್ಡಿಗೆ ತರುವುದಷ್ಟೇ ಬಾಕಿ.

ಎಲ್ಲಿಂದ ಶುರುಮಾಡೋಣ? ಕುಂದಾಪುರದವರೇ ಆದ ವೈದೇಹಿಯವರ ‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’ ಕತೆಯಿಂದ. ಸಣ್ಣ ಊರಿಗೆ ಟಾಕೀಸು ಬರುತ್ತದೆ, ಹೆಂಗಸರ ದಿನಚರಿಯಲ್ಲಿ ಅಲೆ ಏಳುತ್ತದೆ. ಗಿರೀಶ ಕಾಸರವಳ್ಳಿಯವರು 2008ರಲ್ಲಿ ಇದನ್ನು ‘ಗುಲಾಬಿ ಟಾಕೀಸ್’ ಮಾಡಿದಾಗ ಕಾಲವನ್ನು ಕಾರ್ಗಿಲ್ ಯುದ್ಧದ ಹೊತ್ತಿಗೆ ತಂದರು. ಟಾಕೀಸಿನ ಜಾಗಕ್ಕೆ ಡಿಶ್ ಆಂಟೆನಾದ ಕಲರ್ ಟಿ.ವಿ. ಬಂತು. ಸಿನಿಮಾದ ಗುಲಾಬಿ ಮೀನುಗಾರರ ನಡುವೆ ಬದುಕುವ ಮುಸ್ಲಿಂ ಸೂಲಗಿತ್ತಿ. ಅವಳ ಮನೆಯಲ್ಲಿ ಟಿ.ವಿ. ನೋಡಲು ಸೇರುವ ಅಕ್ಕಪಕ್ಕದ ಹೆಂಗಸರ ನಡುವೆಯೇ ಹೊರಗಿನ ಸಂಶಯವೂ ಬಂದು ಕೂರುತ್ತದೆ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ ಅದು. ಒಂಬತ್ತನೆಯ ತರಗತಿಯಲ್ಲಿ ಮೊದಲು ಕತೆ ಓದಿಸಿ, ಆಮೇಲೆ ಟಿ.ವಿ. ಮನೆಗೆ ಬರುವ ಭಾಗವನ್ನಷ್ಟೇ ತೋರಿಸಿ, ಒಂದೇ ಪ್ರಶ್ನೆ ಕೇಳಿ: ಟಾಕೀಸನ್ನು ಬಿಟ್ಟು ಟಿ.ವಿ.ಯನ್ನು ಎಂತಕ್ಕೆ ತಂದರು? ಟಾಕೀಸಿಗೆ ಮನೆಯಿಂದ ಹೊರಗೆ ಹೋಗಬೇಕು, ಟಿ.ವಿ. ಮನೆಯೊಳಗೇ ಬರುತ್ತದೆ ಎಂದು ಒಬ್ಬಳಾದರೂ ಹೇಳುತ್ತಾಳೆ. ಹಾಗಾದರೆ ಮೊಬೈಲು ಎಲ್ಲಿಗೆ ಬಂದಿದೆ ಎಂದು ಇನ್ನೊಬ್ಬ ಕೇಳುತ್ತಾನೆ. ಪಾಠ ಅಲ್ಲಿಂದ ಮುಂದೆ ತನ್ನಷ್ಟಕ್ಕೆ ಸಾಗುತ್ತದೆ.

ವೈದೇಹಿಯವರ ಕತೆಗಳಿಂದಲೇ ಚಂಪಾ ಶೆಟ್ಟಿಯವರು 2018ರಲ್ಲಿ ‘ಅಮ್ಮಚ್ಚಿಯೆಂಬ ನೆನಪು’ ಮಾಡಿದರು. ಅಲ್ಲಿ ಮೂರು ಕತೆಗಳು ಒಂದು ಸಿನಿಮಾ ಆಗಿವೆ. ಹೊಲಿಗೆ ಎಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ ಎಂದು ಹುಡುಕಿಸಬಹುದು. ಅದಕ್ಕಿಂತ ದೊಡ್ಡ ಲಾಭ ಅದರ ಮಾತು. ತರಗತಿಯಲ್ಲಿ ‘ಸರಿಯಾಗಿ ಮಾತಾಡು’ ಎಂದು ತಿದ್ದಿಸಿಕೊಳ್ಳುವ ಕುಂದಾಪ್ರ ಕನ್ನಡ ಅಲ್ಲಿ ಪರದೆಯ ಮೇಲಿದೆ, ನಗಿಸುವುದಕ್ಕೆ ಮಾತ್ರವಲ್ಲ, ಅಳುವುದಕ್ಕೆ, ಜಗಳಕ್ಕೆ, ಆಸೆಗೆ. ವರ್ಷಕ್ಕೊಮ್ಮೆ ಆಸಾಡಿ ಅಮಾಸಿಯಂದು ಕುಂದಾಪ್ರ ಕನ್ನಡ ದಿನ ಆಚರಿಸುವ ನಾವು, ಉಳಿದ ದಿನಗಳಲ್ಲಿ ಆ ಭಾಷೆಯಲ್ಲಿ ಉತ್ತರ ಹೇಳುವ ಮಗುವನ್ನು ಕೂರಿಸಬಾರದು. ಮನೆಮಾತಿನಲ್ಲಿ ಬಾಯಿ ಬಿಟ್ಟ ಮಗು ಗ್ರಂಥದ ಮಾತಿಗೂ ನಿಧಾನವಾಗಿ ಹೊರಳಿಕೊಳ್ಳುತ್ತದೆ.

ಕೋಟದ ಶಿವರಾಮ ಕಾರಂತರು ಈ ವಿಷಯದಲ್ಲಿ ಎಲ್ಲರಿಗಿಂತ ಮುಂದಿದ್ದವರು. 1930ರ ಸುಮಾರಿಗೇ ಮೂಕಿಚಿತ್ರಕ್ಕೆ ಕೈಹಾಕಿದ್ದರು. 1978ರಲ್ಲಿ ತಮ್ಮದೇ ‘ಕುಡಿಯರ ಕೂಸು’ ಕಾದಂಬರಿಯನ್ನು ‘ಮಲೆಯ ಮಕ್ಕಳು’ ಎಂದು ತೆರೆಗೆ ತಂದರು. ಬರೆದವನೇ ಸಿನಿಮಾ ಮಾಡಿದರೂ ಹೆಸರು ಮೊದಲ್ಗೊಂಡು ಬದಲಾವಣೆ ತಪ್ಪಲಿಲ್ಲ ಎಂಬುದನ್ನು ಮಕ್ಕಳ ಗಮನಕ್ಕೆ ತರಬೇಕು. ಇನ್ನು 1933ರ ‘ಚೋಮನ ದುಡಿ’. ಬಿ.ವಿ. ಕಾರಂತರ ಕೈಯಲ್ಲಿ ಅದು 1975ರ ಸ್ವರ್ಣಕಮಲದ ಚಿತ್ರವಾಯಿತು. ಪುಸ್ತಕದಲ್ಲಿ ದುಡಿಯ ಸದ್ದನ್ನು ಓದುಗನೇ ಮನಸ್ಸಿನಲ್ಲಿ ಬಾರಿಸಿಕೊಳ್ಳಬೇಕು. ಸಿನಿಮಾದಲ್ಲಿ ಅದು ಕಿವಿಗೇ ಬಡಿಯುತ್ತದೆ. ಯಾವುದು ಹೆಚ್ಚು ಹೊತ್ತು ಉಳಿಯಿತು ಎಂಬುದಕ್ಕೆ ಒಂದೇ ಉತ್ತರ ಇರಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರ. ಹೊಳೆಯಲ್ಲಿ ಮುಳುಗುತ್ತಿರುವ ಚೋಮನ ಮಗನನ್ನು ಮುಟ್ಟಿದರೆ ಮೈಲಿಗೆಯೆಂದು ದಡದವರು ಕೈಚಾಚದೆ ನಿಲ್ಲುವ ಭಾಗವನ್ನು ಓದುವಾಗ, ನೋಡುವಾಗ, ತರಗತಿಯಲ್ಲಿ ಎಲ್ಲ ಜಾತಿಯ ಮಕ್ಕಳೂ ಇರುತ್ತಾರೆ. ಯಾವ ಮಗುವನ್ನೂ ಉದಾಹರಣೆಯಾಗಿ ಎಬ್ಬಿಸಿ ನಿಲ್ಲಿಸಬಾರದು. ದಡದಲ್ಲಿ ನಿಂತವರ ಬಗ್ಗೆ ಪ್ರಶ್ನೆ ಕೇಳಿ, ನೀರಿನಲ್ಲಿದ್ದವನ ಬಗ್ಗೆ ಅಲ್ಲ. ಸಿನಿಮಾವನ್ನು ಮೇಷ್ಟ್ರು ಮೊದಲೇ ಪೂರ್ತಿ ನೋಡಿರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

‘ಪೋರ್ಷನ್ ಮುಗಿಸುವುದೇ ಕಷ್ಟ, ಎರಡು ಗಂಟೆಯ ಸಿನಿಮಾ ಯಾವಾಗ ತೋರಿಸುವುದು?’ ಎಂಬ ಆಕ್ಷೇಪ ನ್ಯಾಯವಾದದ್ದೇ. ಪೂರ್ತಿ ತೋರಿಸಬೇಡಿ. ಹತ್ತು ನಿಮಿಷದ ದೃಶ್ಯ, ಪುಸ್ತಕದ ಎರಡು ಪುಟ, ಉಳಿದ ಹೊತ್ತು ಮಾತು. ಒಂದು ಪೀರಿಯಡ್ಡಿಗೆ ಅಷ್ಟು ಸಾಕು. ಮಳೆಗಾಲದಲ್ಲಿ ಕರೆಂಟು ಕೈಕೊಟ್ಟರೆ ಪುಸ್ತಕವಂತೂ ಇದೆ. ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿರಬಾರದು, ಅಷ್ಟೆ. ಪಂಚಾಯಿತಿಯ ಅರಿವು ಕೇಂದ್ರವನ್ನೂ ಬಳಸಿಕೊಳ್ಳಬಹುದು. ಘಟ್ಟದ ಮೇಲಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1970ರ ದಶಕದಲ್ಲಿ ನೀನಾಸಮ್ ಮೂಲಕ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಗರಿಗೆ ತೋರಿಸಿ, ಕುಳಿತು ಮಾತಾಡಿದರು. ಅಡಿಕೆ ತೋಟದವರಿಗೆ ಕುರೊಸಾವ ದಕ್ಕಿದ್ದರೆ ನಮ್ಮ ಹತ್ತನೆಯ ತರಗತಿಗೆ ಕಾಸರವಳ್ಳಿ ದಕ್ಕದೆ ಇರುವುದಿಲ್ಲ. ಹಗುರವಾಗಿ ತೊಡಗಬೇಕೆಂದರೆ ತೇಜಸ್ವಿಯವರ ‘ಡೇರ್‌ಡೆವಿಲ್ ಮುಸ್ತಾಫಾ’ ಕತೆಯೂ 2023ರ ಸಿನಿಮಾವೂ ಇವೆ. ತೇಜಸ್ವಿಯವರ ಓದುಗರೇ ದುಡ್ಡು ಹಾಕಿ ಮಾಡಿದ ಚಿತ್ರ ಎಂಬುದು ಮಕ್ಕಳಿಗೆ ಹಿಡಿಸುವ ಸಂಗತಿ.

ಈಗ ಮತ್ತೆ ‘ಇಂದಿರಾಬಾಯಿ’. ಎಳವೆಯಲ್ಲೇ ವಿಧವೆಯಾದ ಹುಡುಗಿ, ಸಂತರೆಂದು ಹೇಳಿಕೊಳ್ಳುವವರ ಕಾಟ ತಾಳದೆ ಮನೆ ಬಿಟ್ಟು ಅಮೃತರಾಯರ ಆಶ್ರಯ ಪಡೆದು, ಓದಿ, ಭಾಸ್ಕರನನ್ನು ಮದುವೆಯಾಗುತ್ತಾಳೆ. ನೂರಿಪ್ಪತ್ತೈದು ವರ್ಷ ಹಿಂದಿನ ಭಾಷೆ ಇಂದಿನ ಮಕ್ಕಳಿಗೆ ತೊಡಕು, ನಿಜ. ಹಾಗೆಂದು ಸಾರಾಂಶ ಬರೆಸಿ ಕೈತೊಳೆದುಕೊಳ್ಳುವುದು ಬೇಡ. ಅವಳು ಮನೆ ಬಿಡುವ ಪ್ರಸಂಗವನ್ನು ಓದಿಸಿ, ಮಕ್ಕಳೇ ಅದಕ್ಕೆ ಚಿತ್ರಕತೆ ಬರೆಯಲಿ. ಕ್ಯಾಮೆರಾ ಮನೆಯೊಳಗೆ ಇರಬೇಕೋ ಹೊರಗೋ? ಇಂದಿರಾಬಾಯಿ ಯಾವ ಕನ್ನಡ ಮಾತಾಡಬೇಕು? ಏನನ್ನು ಬಿಡಬೇಕು? ಇವಕ್ಕೆ ಉತ್ತರ ಬೇಕೆಂದರೆ ಪುಟಗಳನ್ನು ಎರಡೆರಡು ಸಲ ಓದಲೇಬೇಕು.

ಮೂರೂ ತಾಲ್ಲೂಕುಗಳ ಹೈಸ್ಕೂಲು ಮಕ್ಕಳಿಂದ ಇಂಥ ದೃಶ್ಯಗಳನ್ನು ಪತ್ರಿಕೆ ಆಹ್ವಾನಿಸುತ್ತಿದೆ. ಎರಡು ಪುಟ ಮೀರದಿರಲಿ. ಕುಂದಾಪ್ರ ಕನ್ನಡದಲ್ಲಿದ್ದರೆ ಸಂತೋಷ. ಕೊಂಕಣಿ, ಬ್ಯಾರಿ, ತುಳುವಿನ ಮಾತುಗಳು ನಡುವೆ ಬಂದರೂ ಆಗಬಹುದು. ಮೇಷ್ಟ್ರು, ಟೀಚರುಗಳಲ್ಲಿ ಒಂದು ವಿನಂತಿ: ದಯವಿಟ್ಟು ತಿದ್ದಿ ಕಳಿಸಬೇಡಿ. ಆಯ್ದವನ್ನು ಮುಂದಿನ ಸಂಚಿಕೆಯಲ್ಲಿ, ಕಾದಂಬರಿಯಿಂದ ಏನನ್ನು ಬದಲಿಸಿದರು, ಎಂತಕ್ಕೆ ಬದಲಿಸಿದರು ಎಂಬ ಅವರದೇ ಟಿಪ್ಪಣಿಯ ಸಮೇತ ಅಚ್ಚುಮಾಡುತ್ತೇವೆ.